ಬೀಗ ಹಾಕಿದ ಕೋಣೆ

ತಮ್ಮಾ,

ಪತ್ರಿಕೋದ್ಯಮಕ್ಕೆ ಸೀಟು ಸಿಕ್ಕಿತೆಂದು ಫೋನ್ ಮಾಡಿದ ದಿನ ನೀನೊಂದು ಮಾತು ಕೇಳಿದ್ದಿ. "ಮುತ್ಯಾ, ಉದಾರವಾದ, ಕಮ್ಯುನಿಸಂ, ರಾಷ್ಟ್ರವಾದ ಇವುಗಳಾಗ ಪತ್ರಿಕೆಗೆ ಖರೇನೇ ಸ್ವಾತಂತ್ರ್ಯ ಕೊಡೋದು ಯಾವುದು?" ಅಷ್ಟರಲ್ಲಿ ನಿನ್ನ ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ, ಪುರುಸೊತ್ತಾದಾಗ ಓದು.

ಮೊದಲು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗೋಣ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಪೀಠದ ಕಲ್ಲು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಅದರಲ್ಲಿ ಹನ್ನೆರಡನೆಯ ಶಾಸನವೂ ಉಂಟು. ನಿಮ್ಮ ಪಂಥವನ್ನೇ ಹೊಗಳಿಕೊಂಡು ಪರರ ಪಂಥವನ್ನು ಹಳಿಯಬೇಡಿ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಮಾತು. ಓದಿದಾಗೆಲ್ಲ ನನಗೆ ಸಂತೋಷವಾಗುತ್ತದೆ, ಜೊತೆಗೇ ಒಂದು ಅನುಮಾನವೂ ಏಳುತ್ತದೆ. ಕಲ್ಲು ರಾಜನದು, ಉಳಿಯೂ ರಾಜನದು. ಎಷ್ಟು ಮಾತು ಅತಿಯಾಯಿತೆಂದು ಅಳೆಯುವವನೂ ಅವನೇ. ಇವತ್ತಿನ ಎಲ್ಲ ಸರ್ಕಾರಗಳೂ ಪತ್ರಕರ್ತರಿಗೆ ಇದೇ ಬುದ್ಧಿ ಹೇಳುತ್ತವೆ: ಜವಾಬ್ದಾರಿಯಿಂದ ಬರೆಯಿರಿ.

ಅಲ್ಲಿಂದ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಾ. ಕಾಗಿಣಾ ದಂಡೆಯ ಈ ರಾಷ್ಟ್ರಕೂಟ ರಾಜಧಾನಿಯಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಒಂದು ಹೆಜ್ಜೆ ಮುಂದಿದೆ. ಅದು ಹೇಳುವವನಿಗಿಂತ ಕೇಳುವವನಿಗೆ ಬುದ್ಧಿ ಹೇಳಿತು. ಪರರ ವಿಚಾರವನ್ನು ತಾಳಿಕೊಳ್ಳುವ ಶಕ್ತಿಯೇ ನಿಜವಾದ ಸಂಪತ್ತು ಎಂದಿತು. ನನ್ನ ಮಟ್ಟಿಗೆ ಮಳಖೇಡದ ಮಾತೇ ದೊಡ್ಡದು. ಊರಭಿಮಾನ ಅಂತೀಯೇನೋ, ಅನ್ನು.

ಇನ್ನು ನೀನು ಹೇಳಿದ ವಾದಗಳು. ಉದಾರವಾದಿಗಳು ಮೊದಲು ಮಿಲ್ಟನ್ ಕವಿಯ ಹೆಸರೆತ್ತುತ್ತಾರೆ. ಪುಸ್ತಕ ಅಚ್ಚು ಹಾಕಲು ಸರ್ಕಾರದ ಪರವಾನಗಿ ಯಾಕೆ ಬೇಕೆಂದು 1644ರಲ್ಲಿ ಗುಡುಗಿದವನು. ಆದರೆ ಕ್ಯಾಥೊಲಿಕರನ್ನು ಆ ಸ್ವಾತಂತ್ರ್ಯದ ಹೊರಗಿಟ್ಟ. ಕೆಲವೇ ವರ್ಷಗಳಲ್ಲಿ ತಾನೇ ಸುದ್ದಿಪತ್ರಿಕೆಗೆ ಪರವಾನಗಿ ಕೊಡುವ ಕೆಲಸಕ್ಕೆ ಕುಳಿತ. ಜಾನ್ ಸ್ಟೂವರ್ಟ್ ಮಿಲ್ 1859ರಲ್ಲಿ ಒಬ್ಬನೇ ಒಬ್ಬ ಬೇರೆ ಮಾತಾಡಿದರೂ ಅವನ ಬಾಯಿ ಮುಚ್ಚಿಸಬಾರದೆಂದು ಬರೆದ. ಹಿಂದುಳಿದ ಸಮಾಜಗಳಿಗೆ ಈ ತತ್ವ ಅನ್ವಯಿಸುವುದಿಲ್ಲವೆಂದೂ ಅದೇ ಪುಸ್ತಕದಲ್ಲಿ ಸೇರಿಸಿದ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಮೂವತ್ತೈದು ವರ್ಷ ಕಳೆದವನು ಬೇರೇನು ಬರೆದಾನು!

ಲೆನಿನ್ ಕೇಳಿದ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಕಾಗದ, ಮಸಿ, ಅಚ್ಚಿನ ಯಂತ್ರ ಎಲ್ಲ ಸಾಹುಕಾರನ ಕೈಲಿರುವಾಗ ಸ್ವಾತಂತ್ರ್ಯ ಯಾರದು? ಶಹಾಬಾದದ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಲೆನಿನ್ 1917ರಲ್ಲಿ ಅಧಿಕಾರಕ್ಕೆ ಬಂದ ವಾರದೊಳಗೆ ವಿರೋಧಿ ಪತ್ರಿಕೆಗಳನ್ನು ಮುಚ್ಚಿಸುವ ಆಜ್ಞೆ ಹೊರಡಿಸಿದ. ಆಜ್ಞೆಯಲ್ಲಿ 'ತಾತ್ಕಾಲಿಕ' ಎಂದಿತ್ತು. ಆ ತಾತ್ಕಾಲಿಕ ಎಷ್ಟು ದಶಕ ಎಳೆಯಿತೆಂಬುದನ್ನು ನಿಮ್ಮ ಮೇಷ್ಟ್ರು ಹೇಳುತ್ತಾರೆ.

ರಾಷ್ಟ್ರವಾದದ ಕಥೆಯೂ ಬೇರೆಯಲ್ಲ. ಬರೆದ ತಪ್ಪಿಗೆ ಜೈಲು ಕಂಡವರು ತಿಲಕರು. 1920ರಲ್ಲಿ ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ಶುರು ಮಾಡಿದಾಗ, ದುಡ್ಡು ಕೊಡುತ್ತೇವೆಂದರೂ ತಿಲಕರ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಇದನ್ನು ಬರೆದಿಟ್ಟವರು ಅಂಬೇಡ್ಕರರೇ.

ಪ್ರತಿ ವಾದದ ಮನೆಯಲ್ಲೂ ಬೀಗ ಹಾಕಿದ ಕೋಣೆ ಒಂದಿರುತ್ತದೆ, ತಮ್ಮಾ. ಪಡಸಾಲೆಯಲ್ಲಿ ಚಹಾ ಕೊಟ್ಟು ಸ್ವಾತಂತ್ರ್ಯದ ಮಾತಾಡುತ್ತಾರೆ. ಆ ಕೋಣೆ ಯಾವುದು, ಒಳಗೇನಿದೆ ಎಂದು ಕೇಳುವುದು ನಿನ್ನ ಕೆಲಸ.

ನಮ್ಮ ಸೀಮೆಯದನ್ನೇ ನೋಡು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ನಿಜಾಮನ ರಾಜ್ಯ. ಹೈದರಾಬಾದಿನಲ್ಲಿ ಶೋಯಬುಲ್ಲಾ ಖಾನ್ ಎಂಬ ಹುಡುಗ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ. ಸಂಸ್ಥಾನ ಭಾರತಕ್ಕೆ ಸೇರಲಿ, ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿ ನಿಲ್ಲಲಿ ಎಂದು ಬರೆಯುತ್ತಿದ್ದ. 1948ರ ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟವನನ್ನು ಅಡ್ಡಗಟ್ಟಿ ಗುಂಡು ಹಾರಿಸಿದರು, ಕೈ ಕಡಿದರು. ಇಪ್ಪತ್ತೇಳು ವರ್ಷದವನು. ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 17ಕ್ಕೆ, ನಿಜಾಮ ಶರಣಾದ. ಪ್ರತಿವರ್ಷ ಆ ದಿನ ನಾವು ಬಾವುಟ ಹಾರಿಸುತ್ತೇವೆ, ಹಾರಿಸಲೇಬೇಕು.

ಇಷ್ಟನ್ನು ನಿನಗೆ ಶಾಲೆಯಲ್ಲೂ ಹೇಳಿದ್ದಾರು. ಮುಂದಿನದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಜಾಮನನ್ನು ಮಣಿಸಿದ ಭಾರತೀಯ ಸೇನೆಯ ಕಾರ್ಯಾಚರಣೆ, ಅಂದರೆ ಪೊಲೀಸ್ ಆ್ಯಕ್ಷನ್, ಆದ ಮೇಲೆ ಈ ಕಡೆಯ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತು. ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಸಮಿತಿ ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ. ಗುಲ್ಬರ್ಗಾ ಅಂದರೆ ನಾವೇ. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಪಾಟಿನಲ್ಲೇ ಉಳಿಯಿತು. ಪತ್ರಿಕಾ ಸ್ವಾತಂತ್ರ್ಯವನ್ನು ನೆಹರೂ ಅವರಷ್ಟು ಕೊಂಡಾಡಿದ ಪ್ರಧಾನಿ ಇನ್ನೊಬ್ಬರಿಲ್ಲ, ಕೋಣೆ ಮಾತ್ರ ಅವರ ಮನೆಯಲ್ಲೂ ಇತ್ತು. ನಮ್ಮ ಓಣಿಯ ಹಿರಿಯರು ರಜಾಕಾರರ ಕಥೆಯನ್ನು ರಾತ್ರಿಯಿಡೀ ಹೇಳುತ್ತಿದ್ದರು. ಆಮೇಲಿನದನ್ನು ಕೇಳಿದರೆ ಎಲೆಗೆ ಸುಣ್ಣ ಹಚ್ಚುತ್ತ ಕೂಡುತ್ತಿದ್ದರು.

ಇನ್ನು ಕಾನೂನಿನ ಮಾತು. ಸಂವಿಧಾನದ 19ನೇ ವಿಧಿಯಲ್ಲಿ ಪತ್ರಿಕೆ ಎಂಬ ಪದವೇ ಇಲ್ಲ. ಪ್ರಜೆಗಿರುವ ಮಾತಿನ ಹಕ್ಕೇ ಪತ್ರಿಕೆಗೂ. 1950ರ ಮೇ 26ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು ಎಡಪಂಥದ 'ಕ್ರಾಸ್ ರೋಡ್ಸ್' ಪರ, ಇನ್ನೊಂದು ಆರೆಸ್ಸೆಸ್ಸಿನ 'ಆರ್ಗನೈಸರ್' ಪರ. ಒಬ್ಬರ ಮುಖ ಒಬ್ಬರು ನೋಡದವರಿಗೆ ಒಂದೇ ಕೊಡೆ. ಮರುವರ್ಷವೇ ಸರ್ಕಾರ ಮೊದಲ ತಿದ್ದುಪಡಿ ತಂದು ನಿರ್ಬಂಧದ ಬಾಗಿಲನ್ನು ಅಗಲ ಮಾಡಿತು. 1975ರ ತುರ್ತುಪರಿಸ್ಥಿತಿಯ ಸೆನ್ಸಾರ್ ನಿನಗೆ ಗೊತ್ತಿರುವಂಥದ್ದೇ.

ನನ್ನ ಕೋಣೆಯ ಬೀಗವನ್ನೂ ತೆಗೆಯಬೇಕಲ್ಲ. ಒಂದು ಪತ್ರಿಕೆಗೆ ಬಹಳ ವರ್ಷ ತಾಲ್ಲೂಕು ವರದಿಗಾರನಾಗಿದ್ದೆ. ಸಂಬಳ ಹೆಸರಿಗಷ್ಟೇ, ಮನೆ ನಡೆದದ್ದು ಜಾಹೀರಾತಿನ ಕಮಿಷನ್ ಮೇಲೆ. ಒಂದು ಊರಿನ ರೈತರು ತೊಗರಿ ಹೊಲಕ್ಕೆ ಕರೆದು ಎಲೆ ಮೇಲಿನ ಕಾರ್ಖಾನೆಯ ಧೂಳನ್ನು ಬೆರಳಿಂದ ಒರೆಸಿ ತೋರಿಸಿದರು. ಬರೆದೆ. ಆಗಸ್ಟ್ 15ರ ಪುರವಣಿಗೆ ಅದೇ ಕಾರ್ಖಾನೆಯ ಅರ್ಧ ಪುಟದ ಜಾಹೀರಾತು ಬರುವುದಿತ್ತು. ವರದಿಯನ್ನು ಕಳಿಸಲಿಲ್ಲ. ಯಾರೂ ತಡೆಯಲಿಲ್ಲ, ಬೆದರಿಸಲೂ ಇಲ್ಲ. ನಾನೇ ಕವರನ್ನು ಟ್ರಂಕಿನೊಳಗೆ ಇಟ್ಟೆ. ಸೆನ್ಸಾರ್ ಅಧಿಕಾರಿ ಇದ್ದಿದ್ದರೆ ಅವನ ಮೇಲಾದರೂ ಹೊರಿಸಬಹುದಿತ್ತು.

ನಿನ್ನ ಕಾಲಕ್ಕೆ ಅಚ್ಚಿನ ಯಂತ್ರವೇ ಬೇಡ, ಮೊಬೈಲೊಂದಿದ್ದರೆ ಚಾನೆಲ್. ಖುಷಿಪಡು. ಆದರೆ ನಿನಗೆ ದುಡ್ಡು ಯಾರು ಕೊಡುತ್ತಾರೆಂದು ನೋಡುಗರಿಗೆ ಮೊದಲೇ ಹೇಳಿಬಿಡು. ನಿನಗಾಗದವರ ಚಾನೆಲ್ ಮುಚ್ಚಿಸಿದ ದಿನ ನೀನೇ ಮೊದಲು ಬರೆ.

ಬರುವ ಭಾನುವಾರ ನಾಲವಾರ ಸ್ಟೇಷನ್ನಿನಲ್ಲಿ ಇಳಿ, ನಾನು ವಾಡಿಯಿಂದ ಬರುತ್ತೇನೆ. ಸನ್ನತಿಯ ಕಲ್ಲು ನೋಡಿಕೊಂಡು ಬರೋಣ. ಟ್ರಂಕಿನಲ್ಲಿರುವ ಕವರನ್ನೂ ತರುತ್ತೇನೆ, ಓದಿ ನೋಡು.