ಬಾಗಿಲು ಬಡಿದ ದೊರೆ, ನೀರಿನಿಂದೆದ್ದ ದೊರೆ

ಚಿ. ಕೂಸಿಗೆ,

ಭೈರುಂಬೆಯಲ್ಲಿ ಮಳೆ ಜೋರಿದೆ. ಅಡಿಕೆಯ ಕೊಳೆಗೆ ಎರಡನೇ ಸಲ ಮದ್ದು ಹೊಡೆಸಬೇಕೆಂದು ಕೊನೆಗೌಡನಿಗೆ ಹೇಳಿ ಕಳಿಸಿದ್ದೇನೆ. ಅವನು ಬಂದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವನು ಬರುವುದಿಲ್ಲ. ಅದರಿಂದ ಒಂದು ಉಪಕಾರವಾಯಿತು. ನೀನು ಕಳಿಸಿದ ಟೋಲ್ಕಿನ್ನರ ‘ಸಿಲ್ಮರಿಲಿಯನ್’ ಹಿಡಿದು ಜಗಲಿಯಲ್ಲಿ ಕೂರಲು ಪುರುಸೊತ್ತು ಸಿಕ್ಕಿತು.

ಇಡೀ ಪುಸ್ತಕ ಓದಿದೆ ಎಂದರೆ ಸುಳ್ಳಾದೀತು. ಹೆಸರುಗಳೇ ತಲೆ ತಿನ್ನುತ್ತವೆ. ಫಿನ್ವೆ, ಫೆಯನೋರ್, ಫಿಂಗೋಲ್ಫಿನ್, ಫಿನಾರ್ಫಿನ್, ಫಿಂಗೋನ್! ಒಂದೇ ಕೇರಿಯಲ್ಲಿ ನಾಲ್ಕು ಗಣಪತಿ ಹೆಗಡೆಗಳಿದ್ದ ಹಾಗೆ. ಆದರೆ ನೀನು ಗುರುತು ಹಾಕಿ ಕೊಟ್ಟ ಹದಿನೆಂಟನೆಯ ಅಧ್ಯಾಯವನ್ನು ಬಿಟ್ಟು ಬಿಟ್ಟು ಮತ್ತೆ ಮತ್ತೆ ಓದಿದ್ದೇನೆ. ನಿನ್ನ ಕೋಣೆಯ ಗೋಡೆಗೆ ಆ ಫಿಂಗೋಲ್ಫಿನ್ ದೊರೆಯ ಚಿತ್ರ ಅಂಟಿಸಿದ್ದೀಯಂತೆ. ಗೆಳತಿಯರು ಅದನ್ನು ನೋಡಿ, ಎಲ್ಲೂ ಇಲ್ಲದ ರಾಜ, ಅದೂ ಸೋತು ಸತ್ತವನು, ಅವನ ಮೇಲೆ ಇದೆಂಥ ಹುಚ್ಚು ಅಂತ ನಗುತ್ತಾರಂತೆ. ನಗಲಿ ಬಿಡು. ನಿನ್ನ ಅಜ್ಜನ ವಾರಗೆಯವರೆಲ್ಲ ಅದೇ ಹುಚ್ಚಿನವರು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಜಾತ್ರೆ ಬಂತೆಂದರೆ ನಮಗೆ ತೊಟ್ಟಿಲು, ಸರ್ಕಸ್ಸು ಯಾವುದೂ ಬೇಡ. ಯಕ್ಷಗಾನದ ಆಟದ ಟೆಂಟಿನಲ್ಲಿ ಬೆಳಗಿನವರೆಗೆ ಕೂತು, ಸಾಯಲಿಕ್ಕೇ ಬರುವ ರಾಜನೊಬ್ಬನನ್ನು ನೋಡಿ ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದೆವು. ಮರುದಿನ ತೋಟದ ಕೆಲಸಕ್ಕೆ ಯಾರಿಗೂ ಕೈಕಾಲು ಏಳುತ್ತಿರಲಿಲ್ಲ.

ನಿನ್ನ ದೊರೆಯ ಕತೆ ನನಗೆ ಹಿಡಿಸಿತು. ಅವನು ಎಲ್ಫರ ದೊರೆ. ಎಲ್ಫರೆಂದರೆ ಹೆಚ್ಚುಕಡಿಮೆ ನಮ್ಮ ಗಂಧರ್ವರ ಜಾತಿಯವರು, ಮುಪ್ಪಿಲ್ಲ, ರೋಗದ ಸಾವಿಲ್ಲ. ಕೊಂದರೆ, ಇಲ್ಲವೇ ದುಃಖದಲ್ಲಿ ಸವೆದರೆ ಮಾತ್ರ ಸಾಯುತ್ತಾರೆ. ಸುಮ್ಮನೆ ಕೋಟೆಯೊಳಗೆ ಕೂತಿದ್ದರೆ ಯುಗಾಂತರ ಬದುಕಿರಬಹುದಾದವನು, ತನ್ನ ಜನ ಬೆಂಕಿಯ ಯುದ್ಧದಲ್ಲಿ ನುಚ್ಚುನೂರಾದರೆಂದು ತಿಳಿದು, ಕುದುರೆ ಹತ್ತಿ ಒಬ್ಬನೇ ಹೊರಟ. ಬೂದಿಯ ಬಯಲಿನಲ್ಲಿ ಅವನ ಕಣ್ಣಿನ ಉರಿ ಕಂಡು ದೇವರೇ ಬಂದನೆಂದು ಶತ್ರುಗಳು ಓಡಿದರು. ಶತ್ರುಗಳ ಒಡೆಯ ಮಾರ್ಗೋತನ ಕೋಟೆಯ ಕಂಚಿನ ಬಾಗಿಲನ್ನು ಬಡಿದ, ಕೊಂಬು ಊದಿದ, ‘ಹೊರಗೆ ಬಾ’ ಎಂದು ಕರೆದ. ಆಮೇಲೆ ನೋಡು, ಒಂದು ಕಡೆ ಬೆಳ್ಳಿಯ ಕವಚ, ಹರಳು ಕೂರಿಸಿದ ನೀಲಿ ಗುರಾಣಿ, ಮಂಜುಗಡ್ಡೆಯಂತೆ ಹೊಳೆಯುವ ರಿಂಗಿಲ್ ಎಂಬ ಕತ್ತಿ. ಇನ್ನೊಂದು ಕಡೆ ಯಾವ ಲಾಂಛನವೂ ಇಲ್ಲದ ಕಪ್ಪು ಗುರಾಣಿ, ಬಿದ್ದಲ್ಲೆಲ್ಲ ಹೊಂಡ ತೋಡಿ ಹೊಗೆ ಎಬ್ಬಿಸುವ ಸುತ್ತಿಗೆ. ಆ ಹೊಂಡಗಳಿಗೇ ಕಾಲು ತಪ್ಪಿ ದೊರೆ ಬಿದ್ದದ್ದು. ಕುತ್ತಿಗೆಯ ಮೇಲೆ ಶತ್ರುವಿನ ಎಡಗಾಲು ಇದ್ದಾಗಲೂ ಕೊನೆಯ ಏಟಿಗೆ ಆ ಪಾದವನ್ನೇ ಕಡಿದ. ಅದಕ್ಕೂ ಮೊದಲೇ ಏಳು ಗಾಯ ಮಾಡಿದ್ದ. ಗೆದ್ದವನು ಆಮೇಲೆ ಎಂದೆಂದೂ ಕುಂಟಿದ.

ಎಷ್ಟು ಪುಟದಲ್ಲಿ ಹೇಳಿದ್ದಾರೆ ನೋಡಿದ್ದೀಯಾ? ಎರಡು ಪುಟವೂ ಆಗಲಿಕ್ಕಿಲ್ಲ. ಬಾಗಿಲಲ್ಲಿ ನಿಂತು ದೊರೆ ಆಡಿದ ಬೈಗುಳವನ್ನು ಟೋಲ್ಕಿನ್ ಒಂದೆರಡು ಮಾತಿನಲ್ಲಿ ಮುಗಿಸಿಬಿಟ್ಟರು: ಹೇಡಿ, ಗುಲಾಮರ ಒಡೆಯ, ಅಷ್ಟೇ. ನಮ್ಮ ತಾಳಮದ್ದಲೆಯ ಅರ್ಥಧಾರಿಗಳ ಕೈಗೆ ಸಿಕ್ಕಿದ್ದರೆ ಬಾಗಿಲಲ್ಲೇ ಒಂದು ತಾಸು! ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತ ಹಾಡಿದ ನಾಲ್ಕು ಸಾಲಿನಿಂದ ಪಾತ್ರದ ಇಡೀ ಮನಸ್ಸನ್ನು ಮಾತಿನಲ್ಲಿ ಕಟ್ಟುವುದು ಅರ್ಥ ಹೇಳಲು ಕೂತವನ ಹೊಣೆ. ನಿನ್ನಂಥ ಅಭಿಮಾನಿಗಳು ದೇಶದೇಶಗಳಲ್ಲಿ ಕೂತು ಚಿತ್ರ ಬರೆಯುವುದು, ಹಾಡು ಕಟ್ಟುವುದು, ಅವನು ಹೊರಡುವ ಮುಂಚೆ ಮಗನಿಗೆ ಏನು ಹೇಳಿದ್ದಿರಬಹುದು ಎಂದು ತಕರಾರು ಮಾಡುವುದು ನನಗೆ ಅರ್ಥಗಾರಿಕೆಯಂತೆಯೇ ಕಂಡಿತು.

ಈಗ ನಮ್ಮ ದೊರೆಯ ಕಡೆ ಬಾ. ಗದಾಯುದ್ಧದ ಕೌರವ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದವರು. ಅವರ ಕೌರವ ಎಂದರೆ ನಮ್ಮ ಹಿರಿಯರು ಕವಳ ಉಗುಳಿ ಬಂದು ಮಾತಾಡುತ್ತಿದ್ದರು. ಮಗ ಶಂಭು ಹೆಗಡೆಯವರ ಕೌರವನ ಗತ್ತೂ ಆ ಮನೆಯದೇ. ಹದಿನೆಂಟು ದಿನ ಕಳೆದು, ತಮ್ಮಂದಿರೆಲ್ಲ ಸತ್ತು, ದೊರೆ ವೈಶಂಪಾಯನ ಸರೋವರದೊಳಗೆ ಅಡಗಿ ಕೂತಿದ್ದಾನೆ. ದಡದಲ್ಲಿ ಭೀಮ ಬಂದು ಮೂದಲಿಸುತ್ತಾನೆ. ಹತ್ತನೆಯ ಶತಮಾನದ ರನ್ನ ಇದನ್ನೇ ಕಾವ್ಯ ಮಾಡಿದ. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೆಂದೇ ಹೊಗಳಿ ಬರೆದ. ಓದಿದವರ ಎದೆ ಮಾತ್ರ ನೀರಿನಡಿ ಕೂತೂ ಬೆವರಿದ ದುರ್ಯೋಧನನ ಕಡೆಗೇ ವಾಲಿತು. ಅನ್ನದಾತನಿಗೆ ಕವಿ ಸಲ್ಲಿಸಬೇಕಾದ್ದನ್ನು ಸಲ್ಲಿಸಿದ, ಕಾವ್ಯ ತನ್ನ ದಾರಿ ಹಿಡಿಯಿತು ಎಂದೇ ನನ್ನ ಲೆಕ್ಕ.

ಆಟದಲ್ಲಿ ಆ ಮೂದಲಿಕೆಯ ಗಳಿಗೆ ಹೇಗಿರುತ್ತದೆ ಗೊತ್ತಾ? ಚಂಡೆ ನಿಲ್ಲುತ್ತದೆ. ಮದ್ದಲೆಯ ಒಂದು ಸಣ್ಣ ನುಡಿತ ಮಾತ್ರ. ಭೀಮ ಬೈಯುತ್ತಲೇ ಇರುತ್ತಾನೆ, ಕೌರವ ಪ್ರೇಕ್ಷಕರಿಗೆ ಅರ್ಧ ಬೆನ್ನು ಹಾಕಿ ಕೂತಿರುತ್ತಾನೆ. ಒಂದೊಂದು ಮಾತಿಗೂ ಭುಜದ ಮೇಲಿನ ಕಟ್ಟು ಸ್ವಲ್ಪ ಸ್ವಲ್ಪ ಏಳುತ್ತದೆ, ಗದೆಯ ಹಿಡಿಯ ಮೇಲೆ ಬೆರಳು ಒಂದೊಂದಾಗಿ ಬಿಗಿಯುತ್ತದೆ. ಮುಖ ತಿರುಗಿಸುವ ಮೊದಲೇ ಟೆಂಟಿನ ಜನಕ್ಕೆಲ್ಲ ಗೊತ್ತಾಗಿರುತ್ತದೆ, ಇವನಿನ್ನು ಏಳುತ್ತಾನೆ, ಎದ್ದರೆ ಉಳಿಯುವುದಿಲ್ಲ.

ಇಲ್ಲೊಂದು ವಿಚಿತ್ರ ಇದೆ ಕೂಸೇ. ನಿನ್ನ ಪುಸ್ತಕದಲ್ಲಿ ನಾವು ಮೆಚ್ಚುವುದು ಹೊರಗೆ ನಿಂತು ಕರೆದವನನ್ನು. ನಮ್ಮ ಆಟದಲ್ಲಿ ಮೆಚ್ಚುವುದು ಕರೆದಾಗ ಹೊರಗೆ ಬಂದವನನ್ನು. ಭೀಮ ಬಾಗಿಲು ಬಡಿದ ದೊರೆಯ ಜಾಗದಲ್ಲಿದ್ದಾನೆ, ಕೌರವ ಮಾರ್ಗೋತನ ಜಾಗದಲ್ಲಿ. ಆದರೂ ನಮ್ಮ ಕಣ್ಣೀರು ನೀರಿನಿಂದೆದ್ದವನಿಗೆ. ದ್ರೌಪದಿಯ ಸೀರೆ ಎಳೆಸಿದವನು ಎಂಬುದನ್ನು ಮರೆತಲ್ಲ, ಅದು ಗೊತ್ತಿದ್ದೂ. ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಊರೂರಲ್ಲಿ ಜನ ನೆನೆದದ್ದು ಅವರ ಭಸ್ಮಾಸುರನನ್ನು, ಕೀಚಕನನ್ನು. ಯಾರೂ ಆ ಪಾತ್ರಗಳ ನಡತೆಗೆ ಸರ್ಟಿಫಿಕೇಟ್ ಕೊಟ್ಟಿದ್ದಲ್ಲ.

ನಿನ್ನ ಕಾಗದದಲ್ಲಿ ಒಂದು ಕಡೆ ಫಿಂಗೋಲ್ಫಿನ್ನನ ಬಗ್ಗೆ ‘ಅವನಲ್ಲಿ ಕಳಂಕವೇ ಇಲ್ಲ’ ಎಂದು ಬರೆದಿದ್ದೆ. ಅದು ನನಗೆ ಸರಿ ಕಾಣಲಿಲ್ಲ. ಮಲಅಣ್ಣ ಫೆಯನೋರ್ ಎದೆಗೆ ಕತ್ತಿ ಹಿಡಿದರೂ ಕ್ಷಮಿಸಿ, ನೀನು ಮುಂದೆ ನಡೆ ನಾನು ಹಿಂದೆ ಬರುತ್ತೇನೆ ಎಂದದ್ದು, ಅದೇ ಅಣ್ಣ ಹಡಗು ಸುಟ್ಟು ಕೈಬಿಟ್ಟಾಗ ಹಿಮದ ಮೇಲೆ ನಡೆದು ಜನರನ್ನು ದಾಟಿಸಿದ್ದು, ಅದೆಲ್ಲ ದೊಡ್ಡದೇ. ಕೊನೆಯ ಸವಾರಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಅವನು ಹೊರಟದ್ದು ಸಿಟ್ಟಿನಲ್ಲಿ, ಎಲ್ಲ ಮುಗಿಯಿತೆಂಬ ಹತಾಶೆಯಲ್ಲಿ. ಎಲ್ಲ ಮುಗಿದಿರಲಿಲ್ಲ. ಉಳಿದ ರಾಜ್ಯ ಮಗ ಫಿಂಗೋನನ ತಲೆಗೆ ಬಿತ್ತು. ಕೌರವ ಹತಾಶನಾಗಿ ನೀರಿಗಿಳಿದ, ಇವನು ಹತಾಶನಾಗಿ ಕುದುರೆ ಹತ್ತಿದ. ಎರಡನೆಯದಕ್ಕೆ ಹೊಳಪು ಜಾಸ್ತಿ, ಅಷ್ಟೇ ವ್ಯತ್ಯಾಸ ಎಂದು ಕೆಲವು ರಾತ್ರಿ ಅನ್ನಿಸುತ್ತದೆ. 1916ರಲ್ಲಿ ಸೊಮ್ ಯುದ್ಧಭೂಮಿಯ ಕೆಸರಿನಲ್ಲಿ ನಿಂತು, ಶಾಲೆಯ ಜೊತೆಗಾರರನ್ನು ಕಳೆದುಕೊಂಡ ಟೋಲ್ಕಿನ್ನರಿಗೆ ಇದು ತಿಳಿಯದೆ ಇರಲಿಕ್ಕಿಲ್ಲ. ಅದಕ್ಕೇ ಇರಬೇಕು, ಬಾಗಿಲ ಮುಂದಿನ ಆ ಕಾಳಗದ ಬಗ್ಗೆ ಗೆದ್ದವರು ಜಂಬ ಕೊಚ್ಚಲಿಲ್ಲ, ಸೋತವರು ದುಃಖ ತಾಳದೆ ಹಾಡೂ ಕಟ್ಟಲಿಲ್ಲ ಎಂದು ಬರೆದದ್ದು. ಹದ್ದು ಬಂದು ಹೆಣವನ್ನು ಬೆಟ್ಟದ ತುದಿಗೆ ಒಯ್ದಿತು, ಅಲ್ಲಿಗೆ ಸರಿ. ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಮಗ ಕ್ರಿಸ್ಟೋಫರ್ ಕಾಗದಗಳನ್ನೆಲ್ಲ ಜೋಡಿಸಿ ಪುಸ್ತಕ ತಂದದ್ದು 1977ರಲ್ಲಿ. ಅಪ್ಪ ಬಿಟ್ಟುಹೋದದ್ದನ್ನು ಮಗ ಹೊತ್ತ ಕತೆ ಅಲ್ಲೂ ಇದೆ.

ತಾಳಮದ್ದಲೆಯಲ್ಲಿ ಒಂದು ಪದ್ಧತಿ ಇದೆ. ಇವತ್ತು ಕೃಷ್ಣ ಹೇಳಿದವನಿಗೆ ನಾಳೆ ಕೌರವ ಬರುತ್ತದೆ. ಪಾತ್ರ ಒಪ್ಪಿದ ಮೇಲೆ ಆ ಪಾತ್ರದ ಪರವಾಗಿ ವಾದ ಮಾಡಲೇಬೇಕು, ಎದುರಿನವನು ನಿಜವಾಗಿ ಉತ್ತರ ಹುಡುಕುವ ಹಾಗೆ. ನೀನು ಇಷ್ಟು ದಿನ ಫಿಂಗೋಲ್ಫಿನ್ನನ ಜೊತೆ ಬಾಗಿಲ ಹೊರಗೆ ನಿಂತಿದ್ದೀ. ಒಮ್ಮೆ ಒಳಗೆ ಹೋಗಿ ಮಾರ್ಗೋತನನ್ನು ನೋಡು. ಲೋಕದಲ್ಲೇ ಎಲ್ಲರಿಗಿಂತ ಬಲಶಾಲಿ, ದೇವತೆಗಳ ಸಾಲಿನವನು, ಆದರೆ ಅವರಲ್ಲಿ ಭಯ ಗೊತ್ತಿದ್ದವನು ಅವನೊಬ್ಬನೇ. ನೆಲದಡಿಯ ಸಿಂಹಾಸನದಲ್ಲಿ ಕೂತಿದ್ದಾನೆ. ಮೇಲೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಹೋಗಲು ಮನಸ್ಸಿಲ್ಲ. ಸುತ್ತ ನಿಂತ ದಳಪತಿಗಳು ತನ್ನ ಮುಖವನ್ನೇ ನೋಡುತ್ತಿದ್ದಾರೆ. ಮೆಟ್ಟಿಲು ಹತ್ತುವಾಗ ಅವನು ತನಗೆ ತಾನೇ ಏನು ಹೇಳಿಕೊಂಡ? ಅದಕ್ಕೆ ನೀನು ಅರ್ಥ ಕಟ್ಟಬೇಕು. ಆ ಮಾರ್ಗೋತ ಎಷ್ಟು ಗಟ್ಟಿಯಾಗುತ್ತಾನೋ ನಿನ್ನ ದೊರೆಯ ಏಳು ಏಟಿಗೂ ಅಷ್ಟು ತೂಕ.

ದೀಪಾವಳಿಗೆ ಬರುತ್ತೀಯಲ್ಲ, ಆವಾಗ ನಮ್ಮ ಜಗಲಿಯಲ್ಲೇ ಒಂದು ಕೂಟ ಇಟ್ಟುಕೊಳ್ಳೋಣ. ಪದ್ಯ ನಾನು ಬರೆದುಕೊಡುತ್ತೇನೆ, ಆರಂಭದ ಎರಡು ಭಾಮಿನಿ ಈಗಾಗಲೇ ಆಗಿವೆ. ‘ರಿಂಗಿಲ್’ ಮಾತ್ರೆಗೆ ಕೂರುತ್ತದೆ, ‘ಫಿಂಗೋಲ್ಫಿನ್’ ಮಾತ್ರ ಎಲ್ಲಿಟ್ಟರೂ ಕಾಲು ಚಾಚುತ್ತಾನೆ. ಆಚೆಮನೆ ಮಾಣಿ ಫಿಂಗೋಲ್ಫಿನ್ ಹೇಳಲು ಒಪ್ಪಿದ್ದಾನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು, ಸುಲಭಕ್ಕೆ ಬಿಡುವವನಲ್ಲ. ಮಾರ್ಗೋತ ನಿನಗೆ. ಇಂಗ್ಲಿಷ್ ಸೇರಿಸಿದರೆ ನಾನೇ ತಾಳ ನಿಲ್ಲಿಸುತ್ತೇನೆ.

ಅಮ್ಮಮ್ಮ ಅಪ್ಪೆಮಿಡಿ ಡಬ್ಬಿ ಕಟ್ಟಿಟ್ಟಿದ್ದಾಳೆ, ಬರುವಾಗ ಖಾಲಿ ಭರಣಿ ತರಲು ಹೇಳಿದ್ದಾಳೆ. ನಿನ್ನ ಅಪ್ಪ ಅಮ್ಮನಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಜ್ಜ
ಭೈರುಂಬೆ