ಎಜೊ ಸೊಸೆಯ ಸಾರು

ತುರ್ಕಿ ದೇಶದವರ ಊಟವು ಬಹುಮಟ್ಟಿಗೆ ಸಾರಿನಿಂದಲೇ ಆರಂಭವಾಗುತ್ತದೆ. ಅದನ್ನು ಅವರು ‘ಚೋರ್ಬಾ’ ಎನ್ನುತ್ತಾರೆ. ಈ ಮಾತು ಪಾರಸಿಯಿಂದ ಬಂದುದು. ನಮ್ಮ ಸೀಮೆಯ ಮುಸಲ್ಮಾನರ ಮನೆಗಳ ‘ಶೇರ್ವ’ವೂ ಅದೇ ಕುಲದ್ದು. ಬೆಳಗಿನ ಆಹಾರಕ್ಕೂ ರಮಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವಾಗಲೂ ಅಲ್ಲಿ ಚೋರ್ಬಾ ಉಂಟು. ಪೂರ್ವದಲ್ಲಿ ಸುಲ್ತಾನರ ಯೆನಿಚೆರಿ ಸೈನ್ಯದ ದಳನಾಯಕನಿಗೆ ‘ಚೋರ್ಬಾಜಿ’, ಎಂದರೆ ಸಾರಿನವನು, ಎಂಬ ಹೆಸರಿತ್ತು. ಸಿಪಾಯಿಗಳು ಅಡಿಗೆಯ ಕೊಪ್ಪರಿಗೆಯನ್ನು ಬೋರಲು ಹಾಕಿದರೆ ದಂಗೆಯೆದ್ದರೆಂದೇ ಅರ್ಥವಾಗುತ್ತಿತ್ತು. ಆ ಸೈನ್ಯವು 1826ರಲ್ಲಿ ರದ್ದಾಯಿತು; ಸಾರು ಮಾತ್ರ ಉಳಿಯಿತು.

ಇವುಗಳಲ್ಲಿ ಬಡವರಿಗೂ ಬಲ್ಲಿದರಿಗೂ ಸಮನಾದುದು ಚನ್ನಂಗಿಬೇಳೆಯ ಸಾರು. ಏಸಾವನು ತನ್ನ ಚೊಚ್ಚಲತನದ ಹಕ್ಕನ್ನು ಮಾರಿದ್ದು ಇದೇ ಜಾತಿಯ ಕಾಳಿನ ಅಡಿಗೆಗಾಗಿ ಎಂಬದನ್ನು ನಮ್ಮ ಓದುಗರು ನೆನೆಯಬಹುದು. ಈ ಬೇಳೆಸಾರಿನ ಒಂದು ಬಗೆಗೆ ‘ಎಜೊ ಗೆಲಿನ್’ ಎಂದು ಹೆಸರು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, ಟೊಮೇಟೊ ಹಣ್ಣಿನ ಗಟ್ಟಿರಸ ಕೂಡಿಸಿ, ಬೇಳೆಯನ್ನೂ ಹಿಡಿಯಷ್ಟು ಅಕ್ಕಿಯನ್ನೂ ಗೋದಿಯ ನುಚ್ಚನ್ನೂ ನೀರಿನಲ್ಲಿ ಕರಗುವಂತೆ ಬೇಯಿಸತಕ್ಕದ್ದು. ಕಡೆಗೆ ಬೆಣ್ಣೆಯಲ್ಲಿ ಒಣಪುದೀನವನ್ನೂ ಮೆಣಸಿನಕಾಯಿಯ ತರಿಯನ್ನೂ ಬಿಸಿಮಾಡಿ ನಮ್ಮ ಒಗ್ಗರಣೆಯಂತೆಯೇ ಮೇಲೆ ಸುರಿಯುತ್ತಾರೆ. ನಿಂಬೆಹಣ್ಣು ಹಿಂಡಿ ರೊಟ್ಟಿಯೊಂದಿಗೆ ಸೇವಿಸುತ್ತಾರೆ.

‘ಗೆಲಿನ್’ ಎಂದರೆ ಮದುವಣಗಿತ್ತಿ. ಸೊಸೆ ಎಂಬರ್ಥವೂ ಅದಕ್ಕುಂಟು. ಎಜೊ ಎಂಬವಳು 1909ರಲ್ಲಿ ಗಾಜಿಯಾಂಟೆಪ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದಳು, ಬಹು ರೂಪವತಿ. ಹೆಣ್ಣು ಕೊಟ್ಟು ಹೆಣ್ಣು ತರುವ ಪದ್ಧತಿಯಂತೆ ಅವಳನ್ನು ಒಂದು ಮನೆಗೆ ಕೊಟ್ಟರು. ಆ ಸಂಬಂಧವು ಮುರಿಯಿತು. ಎರಡನೆಯ ಸಾರಿ ಕೊಟ್ಟದ್ದು ಗಡಿಯಾಚೆ, ಸಿರಿಯಾ ದೇಶಕ್ಕೆ. ತವರಿನ ಹಂಬಲದಲ್ಲಿಯೇ ಬಾಳಿದ ಅವಳು 1956ರಲ್ಲಿ ಕ್ಷಯರೋಗದಿಂದ ಮೃತಳಾದಳು. ತವರುದೇಶವು ಕಾಣುವಂಥ ಗುಡ್ಡದ ಮೇಲೆ ಹೂಳಬೇಕೆಂದು ಅವಳು ಬೇಡಿದಳೆಂದು ಹೇಳುತ್ತಾರೆ. 1999ರಲ್ಲಿ ಅವಳ ಅಸ್ಥಿಗಳನ್ನು ಹುಟ್ಟೂರಿಗೆ ತಂದರು.

ಅತ್ತೆಯನ್ನು ಮೆಚ್ಚಿಸುವುದಕ್ಕಾಗಿ ಎಜೊ ಈ ಸಾರನ್ನು ಕಲ್ಪಿಸಿದಳೆಂಬುದು ಜನಜನಿತವಾದ ಕಥೆ. ಮನೆಯಲ್ಲಿದ್ದ ಬೇಳೆ, ನುಚ್ಚು, ಈರುಳ್ಳಿಗಳಿಂದಲೇ ರುಚಿಯನ್ನು ಹೊರಡಿಸಿದ ಸೊಸೆಯ ಜಾಣ್ಮೆಯನ್ನು ತುರ್ಕಿಯವರು ಈ ಹೆಸರಿನಿಂದ ಇಂದಿಗೂ ಮನ್ನಿಸುತ್ತಾರೆ. ಆದರೆ ಎರಡು ಸಾರಿ ಅವಳನ್ನು ಕೊಟ್ಟುಬಿಟ್ಟವರಲ್ಲಿ ಅವಳ ಮನಸ್ಸನ್ನು ಕೇಳಿದವರೆಷ್ಟು ಮಂದಿ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸೊಸೆಯರು. ಕೆಲವರು ಅತ್ತೆಯರೂ ಆಗಿದ್ದಾರೆ. ಈ ಸಾರನ್ನು ಅವರು ಮನೆಯಲ್ಲಿ ಮಾಡಿನೋಡಲಿ. ಇದಕ್ಕೆ ಬೇಕಾದ ಸಾಮಾನೆಲ್ಲಾ ನಮ್ಮ ಪೇಟೆಯಲ್ಲಿಯೇ ದೊರೆಯುತ್ತದೆ. ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಮಗಳ ಕೈರುಚಿಯನ್ನು ಹೊಗಳುವುದಕ್ಕೆ ಮುಂಚೆ ಅವಳ ಮಾತನ್ನು ಕೇಳಿರಿ. ಅವಳು ಹೋದ ಮೇಲೆ ತವರಿನ ಬಾಗಿಲನ್ನು ತೆರೆದಿಡಿರಿ.