ತಿಥಿಗೆ ಎರಡು ಗಳಿಗೆ

ನಮ್ಮ ಅತ್ತೆ ಎಪ್ಪತ್ತೊಂದು ವರ್ಷದವರೆಗೂ ಸಮುದ್ರ ಕಂಡವರಲ್ಲ. ದಾವಣಗೆರೆಯಿಂದ ಕುಮಟಾ ಅರ್ಧ ದಿನದ ದಾರಿ. ಆದರೆ ಮಾವ ಹತ್ತಿ ಗಿರಣಿಯಲ್ಲಿದ್ದರು. ಪಾಳಿಯ ಕೂಗಿಗೆ ಸರಿಯಾಗಿ ಒಲೆ ಹಚ್ಚುವುದರಲ್ಲಿ ಅತ್ತೆಯ ಅರ್ಧ ಆಯುಷ್ಯ ಹೋಯಿತು, ಉಳಿದದ್ದು ನಮ್ಮ ಮಕ್ಕಳನ್ನು ಸಾಕುವುದರಲ್ಲಿ. ಆ ಜನವರಿಯಲ್ಲಿ ಆರು ದಿನ ರಜೆ ಹೊಂದಿಸಿಕೊಂಡು ಅಘನಾಶಿನಿ ಹಳ್ಳಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಾಗ, ಇದು ಅತ್ತೆಗಾಗಿ ಎಂದೇ ನಾನು ಎಲ್ಲರಿಗೂ ಹೇಳಿದ್ದೆ.

ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ತೆಂಗು, ಹಿಂದೆ ಬಾವಿ. ಮನೆಯೊಡತಿ ಪಕ್ಕದ ಮನೆಯಲ್ಲೇ ಇದ್ದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಅವರು 'ಅಕ್ಕೋರು'. ಬಂದ ತಕ್ಷಣ ಅವರು ಹೇಳಿದ್ದು ಬಾವಿಯ ಮಾತು: ಪಂಪು ಹತ್ತು ನಿಮಿಷಕ್ಕಿಂತ ಹೆಚ್ಚು ಹಾಕಬೇಡಿ. ಕಡಲ ಪಕ್ಕದ ನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಒಮ್ಮೆ ಏರಿದರೆ ಬೇಗ ಇಳಿಯುವುದಿಲ್ಲ. ಅತ್ತೆ ಅಂದಿನಿಂದಲೇ ಕೊಡ ಹಗ್ಗ ಹಿಡಿದು ಕೈಯಿಂದ ಸೇದತೊಡಗಿದರು. ನಾನು ತಲೆಯಾಡಿಸಿದೆ, ಆದರೆ ನನ್ನ ಗಮನವೆಲ್ಲ ಕೈಯಲ್ಲಿದ್ದ ಪಟ್ಟಿಯ ಮೇಲಿತ್ತು.

ಆ ಪಟ್ಟಿಯನ್ನು ನಾನು ಹದಿನೈದು ದಿನ ಕೂತು ಮಾಡಿದ್ದೆ. ಮೊದಲ ದಿನ ಮುರ್ಡೇಶ್ವರ, ಇಡಗುಂಜಿ. ಮರುದಿನ ಗೋಕರ್ಣ, ಮಿರ್ಜಾನ್ ಕೋಟೆ. ಅದರ ಮರುದಿನ ಮತ್ತೊಂದು. ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಕಾರಿಗೆ ಹತ್ತಿಸುವುದು, ಕತ್ತಲಾದ ಮೇಲೆ ಇಳಿಸುವುದು. ಎರಡನೆಯ ರಾತ್ರಿ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಮೆಲ್ಲಗೆ ಅಂದರು: "ಯವ್ವಾ, ನಾಳೆ ನಾನು ಇಲ್ಲೇ ಇರ್ತೀನಿ. ಸಮುದ್ರದ ಮುಂದ ಒಂದು ತಾಸು ಕುಂತಿಲ್ಲ ನಾನಿನ್ನೂ." ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ನಿದ್ದೆ ಬರಲಿಲ್ಲ.

ಮೂರನೆಯ ದಿನ ಪಟ್ಟಿಯನ್ನು ಮಡಚಿಟ್ಟೆ. ಆದರೂ ಗಡಿಯಾರ ನನ್ನನ್ನು ಬಿಟ್ಟಿರಲಿಲ್ಲ. ಸೂರ್ಯಾಸ್ತ ಆರೂ ಕಾಲರ ನಂತರ, ಐದಕ್ಕೆ ಹೊರಟರೆ ಸಾಕು ಎಂದು ಲೆಕ್ಕ ಹಾಕಿದೆ. ಅತ್ತೆಯನ್ನು ಅಕ್ಕೋರ ಜಗಲಿಯಲ್ಲಿ ಬಿಟ್ಟು, ನಾವಿಬ್ಬರೂ ಮಕ್ಕಳೂ ಅಳಿವೆಗೆ ನಡೆದೆವು. ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಹೊಳೆ ಇಲ್ಲಿ ಕಡಲು ಸೇರುತ್ತದೆ. ಎದುರು ದಂಡೆ ತದಡಿ. ಇಳಿತದಲ್ಲಿ ನಡುವೆ ಮರಳಿನ ದಿಬ್ಬ, ಕೆಸರಿನ ಬಯಲು ಎದ್ದು ನಿಲ್ಲುತ್ತವೆ. ಪಾದ ಮುಳುಗುವಷ್ಟೇ ನೀರಿದ್ದ ಒಂದು ಕಾಲುವೆಯಂಥದ್ದನ್ನು ದಾಟಿ ದಿಬ್ಬ ಹತ್ತಿದೆವು. ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೋಗಿದ್ದ ಹೆಂಗಸರು ಬುಟ್ಟಿ ಹೊತ್ತು ಎದುರಿಗೆ ಬರುತ್ತಿದ್ದರು. ಅವರೆಲ್ಲ ದಂಡೆಗೆ, ನಾವು ನೀರಿಗೆ. ಅದನ್ನು ಕಣ್ಣಾರೆ ನೋಡಿದೆ, ಅದರ ಅರ್ಥ ಕೇಳಿಕೊಳ್ಳಲಿಲ್ಲ. ಇವತ್ತಿಗೂ ಆ ಗಳಿಗೆ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾವು ಪಡುವಣಕ್ಕೆ ಮುಖ ಮಾಡಿ, ಅಲೆಗಳು ಎಷ್ಟು ದೂರ ಇವೆ ಎಂದು ನೋಡಿಕೊಂಡು ಧೈರ್ಯವಾಗಿದ್ದೆವು. ನೀರು ಅಲ್ಲಿಂದ ಬರಲಿಲ್ಲ, ಬೆನ್ನ ಹಿಂದಿನಿಂದ ಬಂತು. ಭರತ ಏರುವಾಗ ಮೊದಲು ತುಂಬುವುದು ತಗ್ಗಿನ ಕಾಲುವೆಗಳೇ, ದಿಬ್ಬ ಮುಳುಗುವುದು ಕೊನೆಗೆ. ದಂಡೆಯಿಂದ ಒಬ್ಬಾಕೆ ಎರಡೂ ಕೈ ಎತ್ತಿ ಕೂಗುತ್ತಿದ್ದುದು ಕೇಳಿ ತಿರುಗಿದಾಗ, ನಾವು ದಾಟಿ ಬಂದ ಜಾಗದಲ್ಲಿ ನೀರು ಸದ್ದಿಲ್ಲದೆ ಒಳಗೆ ಹರಿಯುತ್ತಿತ್ತು. ಯಜಮಾನರು ಏಳು ವರ್ಷದ ಮಗನನ್ನು ಹೆಗಲಿಗೇರಿಸಿಕೊಂಡರು, ನಾನು ಮಗಳ ಕೈ ಹಿಡಿದೆ. ನಡುವೆ ನೀರು ನನ್ನ ಸೊಂಟಕ್ಕಿತ್ತು, ಹನ್ನೆರಡರ ಮಗಳಿಗೆ ಎದೆಗೆ. ಆ ಹೆಂಗಸು ಬುಟ್ಟಿ ಕೆಳಗಿಟ್ಟು ಮೊಣಕಾಲುದ್ದ ಇಳಿದು ಬಂದು ಮಗಳನ್ನು ಎಳೆದುಕೊಂಡರು. ಬೈಯಲಿಲ್ಲ. "ನೀರಿನ ಹೊತ್ತು ಯಾರನ್ನೂ ಕೇಳಲಿಲ್ವಾ ತಂಗಿ?" ಎಂದಷ್ಟೇ ಕೇಳಿದರು.

ಇಲ್ಲ, ಕೇಳಿರಲಿಲ್ಲ. ಹೋಟೆಲು, ದೇವಸ್ಥಾನದ ಸಮಯ, ಪೆಟ್ರೋಲ್ ಬಂಕು ಎಲ್ಲ ವಿಚಾರಿಸಿದ್ದ ನಾನು ಆ ಊರಿನ ದಿನಚರಿಯನ್ನೇ ಕೇಳಿರಲಿಲ್ಲ.

ರಾತ್ರಿ ಅಕ್ಕೋರು ನಮ್ಮನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗೆ ಇಲ್ಲಿ ಹೆಚ್ಚುಕಡಿಮೆ ಹನ್ನೊಂದೂವರೆಗೆ ನೀರು ತುಂಬಿ, ಸಂಜೆ ಐದೂವರೆ ಸುಮಾರಿಗೆ ಪೂರ್ತಿ ಇಳಿದಿರುತ್ತದೆ. ಆ ದಿನಗಳಲ್ಲೇ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಲ್ಲಿಂದ ದಿನದಿನಕ್ಕೆ ಮುಕ್ಕಾಲು ಗಂಟೆ, ಅದಕ್ಕೂ ತುಸು ಹೆಚ್ಚು, ತಡವಾಗುತ್ತ ಹೋಗುತ್ತದೆ.

ಮೂಲೆಯಲ್ಲಿದ್ದ ಅತ್ತೆ ಬೆರಳು ಮಡಚುತ್ತಿದ್ದರು. "ಅಂದ್ರ ತಿಥಿಗೆ ಎರಡು ಗಳಿಗೆ," ಎಂದರು. "ಇವತ್ತು ತ್ರಯೋದಶಿ. ಹುಣ್ಣಿವಿಗೆ ಇನ್ನೂ ಎರಡು ದಿನ. ಐದೂವರೆಯಿಂದ ನಾಲ್ಕು ಗಳಿಗೆ ಹಿಂದಕ್ಕ ಬಂದ್ರ, ನಾಲ್ಕಕ್ಕೇ ನೀರು ತಿರುಗೈತಿ. ಇವ್ರು ಹೋಗಿದ್ದು ಐದಕ್ಕ."

ಗಳಿಗೆ ಅಂದರೆ 24 ನಿಮಿಷ. ಎರಡಕ್ಕೆ 48. ಚಂದ್ರ ದಿನಾ ತಡವಾಗಿ ಹುಟ್ಟುವುದೂ ಸರಾಸರಿ ಐವತ್ತು ನಿಮಿಷವೇ. ನೀರನ್ನು ಎಳೆಯುವವನು ಅವನೇ ತಾನೆ. ಅಕ್ಕೋರು ಅತ್ತೆಯ ಮುಖವನ್ನೇ ನೋಡಿದರು. ಏಕಾದಶಿ, ಅಮಾಸೆ ಎಂದು ಕ್ಯಾಲೆಂಡರಿನ ಮುಂದೆ ನಿಲ್ಲುವ ಅತ್ತೆಯ ಅಭ್ಯಾಸವನ್ನು ಹದಿನಾಲ್ಕು ವರ್ಷ ನೋಡಿದ್ದೇನೆ. ಅದರೊಳಗೆ ಇಂಥ ಲೆಕ್ಕವಿದೆ ಎಂದು ಎಣಿಸಿರಲಿಲ್ಲ. ಮರುದಿನ ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿ ತೆಗೆದು ಹೋಲಿಸಿದೆ. ಕಾಲು ಗಂಟೆಯ ವ್ಯತ್ಯಾಸ. ಅಳಿವೆಯಿಂದ ಒಳಕ್ಕೆ ಹೋದಷ್ಟೂ ನೀರು ತಡವಾಗಿ ತಲುಪುವುದರಿಂದ ಪಟ್ಟಿಯನ್ನೂ ಊರವರನ್ನು ಕೇಳಿಯೇ ನಂಬಬೇಕು ಎಂದರು ಅಕ್ಕೋರು.

ಉಳಿದ ದಿನಗಳಲ್ಲಿ ಕಾರು ತೆಗೆಯಲಿಲ್ಲ. ಒಂದು ಬೆಳಿಗ್ಗೆ ತಾರಿಯಲ್ಲಿ ತದಡಿಗೆ ಹೋಗಿ ದೋಣಿಗಳು ಮೀನು ಇಳಿಸುವುದನ್ನು ನೋಡಿ ಬಂದೆವು. ಒಂದು ದಿನ ಅಕ್ಕೋರು ಕಗ್ಗದ ಅಕ್ಕಿಯ ಗಂಜಿ ಮಾಡಿದರು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಮಳೆಗಾಲ ಉಪ್ಪನ್ನು ತೊಳೆದ ಮೇಲೆ ಬೆಳೆಯುವ ಭತ್ತ ಅದು. ನಡುವೆ ಉಪ್ಪು ತಾಗಿದರೂ ತಡೆದುಕೊಳ್ಳುತ್ತದೆ. ಬೇಸಾಯ ಬಿಟ್ಟ ಗಜನಿಗಳೇ ಈಗ ಬಹಳ. ಆ ಕೆಂಪಕ್ಕಿಯ ರುಚಿ ನನ್ನ ನಾಲಿಗೆಯಲ್ಲಿದೆ. ಅದನ್ನು ಇನ್ನೂ ಬೆಳೆಯುವವರಿಂದ ಕೊಂಡು ತಂದದ್ದು ನಾವು ಮಾಡಿದ ಅತ್ಯುತ್ತಮ ಖರೀದಿ. ಈ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದೆ ಎಂದು ಓದಿದಾಗ ನನಗೆ ನೆನಪಾದದ್ದು ಆ ಗಂಜಿ, ಮತ್ತು ಕೈ ಎತ್ತಿ ಕೂಗಿದ ಆ ಹೆಂಗಸು.

ಹುಣ್ಣಿಮೆಯ ದಿನ ಅತ್ತೆಯ ಲೆಕ್ಕದಂತೆ ನಾಲ್ಕಕ್ಕೇ ಹೊರಟೆವು, ಇಳಿಯುತ್ತಿದ್ದ ನೀರಿನ ಬೆನ್ನು ಹತ್ತಿ. ಈ ಸಲ ಹೆಂಗಸರ ಜೊತೆಗೆ, ಅವರ ಹಿಂದೆ. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಗಳ ಭುಜ ಹಿಡಿದು ತಣ್ಣನೆಯ ಕೆಸರಿನಲ್ಲಿ ಕಾಲಿಟ್ಟರು. ಬಳಚು ಕಣ್ಣಿಗೆ ಕಾಣುವುದಿಲ್ಲ. ಅಂಗಾಲಿಗೆ ಗಟ್ಟಿಯಾಗಿ ತಾಗುತ್ತದೆ, ಬಗ್ಗಿ ಕೈಹಾಕಿ ತೆಗೆಯಬೇಕು. ಮಗ ಬೊಗಸೆ ತುಂಬ ತಂದಾಗ ಅದರಲ್ಲಿದ್ದ ಮರಿಗಳನ್ನೆಲ್ಲ ಒಬ್ಬಾಕೆ ಆರಿಸಿ ವಾಪಸ್ ಕೆಸರಿಗೆ ಬಿಡಿಸಿದರು. ಅತ್ತೆ ಮೀನು ಮಾಂಸ ಮುಟ್ಟುವವರಲ್ಲ. ಆದರೂ ಬುಟ್ಟಿ ಹಿಡಿದುಕೊಂಡು ನಿಂತರು, ಒಂದು ತಾಸು, ಪಡುವಣ ನೋಡುತ್ತ. ಹೆಂಗಸರು ಸೊಂಟ ನೇರ ಮಾಡಿ ಬುಟ್ಟಿ ಎತ್ತಿಕೊಂಡ ಕೂಡಲೇ ನಾವೂ ತಿರುಗಿದೆವು. ಸೂರ್ಯ ಮುಳುಗುವುದನ್ನು ದಂಡೆಯಿಂದಲೇ ನೋಡಿದೆವು.

ದಾವಣಗೆರೆಗೆ ಮರಳಿದ ಮೇಲೆ ಅವರಾತ್ರಿ ಅಮಾಸೆ ಬಂತು. ಸಂಜೆ ಮಗ ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದ. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟು, ಟೈಮ್ ಎಷ್ಟಾಯ್ತು ಎಂದು ಕೇಳಿದರು. ಐದೂವರೆ ಎಂದ.

"ಹಂಗಾದ್ರ ಅವ್ರೆಲ್ಲ ಈಗ ಬುಟ್ಟಿ ಹೊತ್ಕೊಂಡು ದಂಡಿಗೆ ಬರ್ತಿರ್ತಾರ," ಎಂದರು ಅತ್ತೆ.